ಅಡಿಕೆ ಸುಲಿದ ಮೇಲೆ ಕಂಡ ಎರಡು ಕುಬ್ಜ ಗ್ಯಾಲಕ್ಸಿಗಳು

ತೀರ್ಥಹಳ್ಳಿ ಹತ್ತಿರ ನಮ್ಮ ಮನೆ. ಇಲ್ಲಿ ಆಕಾಶ ತೆರೆಯುವುದು ದೀಪಾವಳಿ ಹೊತ್ತಿಗೆ, ಅಡಿಕೆ ಕೊಯ್ಲು ಶುರುವಾಗುವುದೂ ಆಗಲೇ, ಹಾಗಾಗಿ ರಾತ್ರಿ ಹತ್ತರವರೆಗೂ ಅಂಗಳದಲ್ಲಿ ದೊಡ್ಡ ಬಲ್ಬ್ ಉರಿಯುತ್ತಿರುತ್ತದೆ. ಕಳೆದ ನವೆಂಬರ್ ಅಮಾವಾಸ್ಯೆಗೆ ನಾನೂ ಕೂತು ಸುಲಿದೆ. ಬಲ್ಬ್ ಆರಿದ ಮೇಲೆ ಎಂಟು ಇಂಚಿನ ಟೆಲಿಸ್ಕೋಪ್ ಹೊರಗೆ ತಂದೆ.

ದೇವಯಾನಿ (ಆಂಡ್ರೊಮಿಡಾ) ಗ್ಯಾಲಕ್ಸಿ ಬೇಗ ಸಿಕ್ಕಿತು. ಪಕ್ಕದಲ್ಲೇ ಎಂ32 ಎಂಬ ಕುಬ್ಜ, ಅಂದರೆ ತೀರಾ ಸಣ್ಣ ಗ್ಯಾಲಕ್ಸಿ, ಫೋಕಸ್ ತಪ್ಪಿದ ನಕ್ಷತ್ರದ ಹಾಗೆ. ಆದರೆ ನನಗೆ ಬೇಕಾಗಿದ್ದು ಅಂಥದ್ದೇ ಇನ್ನೊಂದು, ಎಂ110. ಎರಡರ ಒಟ್ಟು ಬೆಳಕು ಹೆಚ್ಚುಕಡಿಮೆ ಒಂದೇ, ಆದರೆ ಎಂ110ರ ಬೆಳಕು ಅಗಲಕ್ಕೆ ಹರಡಿಕೊಂಡಿದೆ, ಅದಕ್ಕೇ ಸುಲಭಕ್ಕೆ ಕಾಣುವುದಿಲ್ಲ. ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಮೇಲೆ ಇಬ್ಬನಿ ಬೇರೆ. ಅದನ್ನು ಒರೆಸದೆ ಜೇಬಿನಲ್ಲಿಟ್ಟು ಬೆಚ್ಚಗೆ ಮಾಡಿದೆ, ಅರ್ಧ ಗಂಟೆ ಕತ್ತಲಲ್ಲೇ ಕೂತೆ, ಆಮೇಲೆ ನೇರ ನೋಡದೆ ಓರೆಗಣ್ಣಿನಲ್ಲಿ ನೋಡುತ್ತಾ ಕೊಳವೆಯನ್ನು ಮೆಲ್ಲಗೆ ತಟ್ಟಿದೆ. ಬಂತು! ಉದ್ದನೆಯ ಮಸುಕು. 25 ಲಕ್ಷಕ್ಕೂ ಹೆಚ್ಚು ವರ್ಷ ಹಿಂದೆ ಹೊರಟ ಬೆಳಕು ಅದು.

ಎರಡೂ ದೇವಯಾನಿಯ ಸುತ್ತ ಇರುವ ಸಣ್ಣ ಗ್ಯಾಲಕ್ಸಿಗಳು, ಆದರೂ ಎಷ್ಟು ಬೇರೆ ಅಲ್ವಾ? ಇಂಥವುಗಳ ಗುರುತ್ವ ಕಡಿಮೆ. ಅಡಿಕೆ ಬೇಯಿಸುವ ಉರಿಗೆ ಹಂಡೆ ತಡೆಯುತ್ತದೆ, ಸಣ್ಣ ಪಾತ್ರೆ ಇಟ್ಟರೆ ಉಕ್ಕಿ ಚೆಲ್ಲುತ್ತದೆ. ಹಾಗೇ ಸಾಯುವ ದೊಡ್ಡ ನಕ್ಷತ್ರಗಳು ಸೂಪರ್‌ನೋವಾ ಆಗಿ ಒಂದರ ಹಿಂದೊಂದು ಸಿಡಿದರೆ ಕುಬ್ಜ ಗ್ಯಾಲಕ್ಸಿಯ ಅನಿಲ ಬಿಸಿಯಾಗಿ ಆಚೆ ಹೋಗಬಹುದು, ದೊಡ್ಡದರ ಹತ್ತಿರ ಸುತ್ತುವಾಗ ಉಳಿದಿದ್ದೂ ಕಿತ್ತುಹೋಗಬಹುದು. ಅನಿಲ ಇಲ್ಲದೆ ಹೊಸ ನಕ್ಷತ್ರ ಹುಟ್ಟುವುದಿಲ್ಲ. ಎಂ110ರ ನಡುವೆ ಇನ್ನೂ ಸ್ವಲ್ಪ ದೂಳು, ಕೆಲವು ಎಳೆಯ ನಕ್ಷತ್ರಗಳಿವೆ. ಎಂ32ರ ಕಥೆ ಬೇರೆ: ದೇವಯಾನಿ ಸುಮಾರು 200 ಕೋಟಿ ವರ್ಷಗಳ ಹಿಂದೆ ನುಂಗಿದ ದೊಡ್ಡ ಗ್ಯಾಲಕ್ಸಿಯ ತಿರುಳು ಅದು ಎಂದು ಖಗೋಳ ವಿಜ್ಞಾನಿಗಳಾದ ರಿಚರ್ಡ್ ಡಿಸೋಜ ಮತ್ತು ಎರಿಕ್ ಬೆಲ್ 2018ರಲ್ಲಿ ವಾದಿಸಿದರು. ಅಂದರೆ ಅದು ಹುಟ್ಟುವಾಗ ಕುಬ್ಜವಾಗಿರಲಿಲ್ಲ, ಸವೆದು ಹಾಗಾಯಿತು. ಎಲ್ಲರೂ ಇದನ್ನು ಒಪ್ಪಿಲ್ಲ, ಆದರೆ ಆ ಬಿಗಿಯಾದ ಚುಕ್ಕೆಯನ್ನು ಕಣ್ಣಾರೆ ನೋಡಿದ ಮೇಲೆ ನನಗಂತೂ ಆ ಮಾತು ಸರಿ ಅನಿಸುತ್ತದೆ.

ನೋಡುವವರು ಮೊದಲು ಎಂ32 ಹಿಡಿಯಿರಿ, ಆಮೇಲೆ ದೇವಯಾನಿಯ ನಡುವನ್ನು ದಾಟಿ ಎದುರು ಬದಿಗೆ ಹೋಗಿ, ಎಂ110 ಅಲ್ಲಿದೆ. ಚಂದ್ರ ಇದ್ದರೆ ಸುಮ್ನೆ ಕಣ್ಣು ನೋಯಿಸಿಕೊಳ್ಳಬೇಡಿ.

ಮುಂದಿನ ಅಮಾವಾಸ್ಯೆಗೆ ಎನ್‌ಜಿಸಿ 185 ಮತ್ತು ಎನ್‌ಜಿಸಿ 147 ಎಂಬ ಇನ್ನೆರಡು ಕುಬ್ಜ ಗ್ಯಾಲಕ್ಸಿಗಳನ್ನು ನೋಡಬೇಕು. ಅವೂ ದೇವಯಾನಿಯ ಬಳಗದವೇ, ಆಕಾಶದಲ್ಲಿ ಅಕ್ಕಪಕ್ಕ ಕಾಣುತ್ತವೆ, ಆದರೆ ಮೊದಲನೆಯದರಲ್ಲಿ ಅನಿಲ ಉಳಿದಿದೆ, ಎರಡನೆಯದರಲ್ಲಿ ಸಿಕ್ಕಿಲ್ಲ.