ಮೂರು ಓಎಸ್ ಕಿತ್ತು ಹಾಕಿ ನಾಲ್ಕನೆಯದರಲ್ಲಿ ನಿಂತೆ

ಮಳೆಗಾಲದಲ್ಲಿ ನಮ್ಮ ಸಾಗರದ ಕಡೆ ಕರೆಂಟ್ ಹೇಗಿರುತ್ತೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಕಳೆದ ಮಳೆಗಾಲದಲ್ಲಿ ಮನೆಯ ಫೋಟೋ, ವಿಡಿಯೋ ಇಟ್ಟಿರುವ ಸರ್ವರ್ (ಸದಾ ಆನ್ ಇರುವ ಕಂಪ್ಯೂಟರ್) ಏನಿಲ್ಲವೆಂದರೂ 60-70 ಸಲ ಆಫ್ ಆಗಿ ಆನ್ ಆಗಿದೆ. ಒಂದು ಸಲವೂ ಸರಿಪಡಿಸಲು ನಾನು ಮಾನಿಟರ್ ಸಿಕ್ಕಿಸಿಲ್ಲ. ಬೆಂಗಳೂರಿನಲ್ಲಿ ಐಟಿಯಲ್ಲಿರುವ ಭಾವ "ಬರೀ ಡೆಬಿಯನ್ ಹಾಕ್ಕೊಂಡು ಯಾರು ಮಾರಾಯ ಸರ್ವರ್ ನಡೆಸ್ತಾರೆ" ಅಂತ ಎರಡು ವರ್ಷ ತಲೆ ತಿಂದಿದ್ದರು. ಡೆಬಿಯನ್ ಅಂದರೆ ನಾನೀಗ ಬಳಸುವ ಉಚಿತ ಲಿನಕ್ಸ್ ಓಎಸ್. ಈಗ ಆ ಮಾತು ಎತ್ತುವುದಿಲ್ಲ.

ಮೆಷಿನ್ ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ತಂದ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ. ಐ5-6500ಟಿ, 8 ಜಿಬಿ ರ್‍ಯಾಮ್, 240 ಜಿಬಿ ಎಸ್‌ಎಸ್‌ಡಿ. ಅಂಗಡಿಯವ 12 ಸಾವಿರ ಹೇಳಿದ್ದ, 9,500ಕ್ಕೆ ತಂದೆ ಅಂತ ನೆನಪು. ಹೇಗೆ ಇಳಿಸಿದೆ ಅನ್ನುವುದು ನನ್ನಲ್ಲೇ ಇರಲಿ. 4 ಟಿಬಿ ಯುಎಸ್‌ಬಿ ಡಿಸ್ಕ್‌ಗೆ ಇನ್ನೊಂದು 9 ಸಾವಿರ. ಅದಕ್ಕೂ ಮೊದಲು ರಾಸ್‌ಬೆರಿ ಪೈಗೆ (ಅಂಗೈಯಗಲದ ಪುಟ್ಟ ಕಂಪ್ಯೂಟರ್) ಸುರಿದ 6 ಸಾವಿರವನ್ನು ಲೆಕ್ಕಕ್ಕೆ ಹಿಡಿದಿಲ್ಲ. ಕರೆಂಟ್ ಹೋಗಿ ಹೋಗಿ ಎರಡು ಎಸ್‌ಡಿ ಕಾರ್ಡ್ ಸತ್ತವು, ಅಷ್ಟೇ ಅದರ ಕಥೆ.

ಮೊದಲು ಹಾಕಿದ್ದು ಟ್ರೂನಾಸ್, ಡಿಸ್ಕ್‌ಗಳಲ್ಲಿ ಫೈಲ್ ಇಟ್ಟು ಹಂಚಲೆಂದೇ ಮಾಡಿದ ಓಎಸ್. ನೋಡಲು ಚೆಂದ. ಆದರೆ ಬೂಟ್ ಮಾಡುವ ಎಸ್‌ಎಸ್‌ಡಿ ಪೂರ್ತಿ ಅದಕ್ಕೇ ಬೇಕು, ಅಂದರೆ 240 ಜಿಬಿಯಲ್ಲಿ ನನಗೆ ಉಳಿದದ್ದು ಸೊನ್ನೆ. ರ್‍ಯಾಮ್‌ನಲ್ಲಿ ಅರ್ಧ, ಅದು ಡಿಸ್ಕ್‌ನಲ್ಲಿ ಫೈಲ್ ಇಡುವ ವಿಧಾನವಾದ ಝಡ್‌ಎಫ್‌ಎಸ್‌ನ ಕ್ಯಾಶ್‌ಗೆ ಹೋಯಿತು. ಯುಎಸ್‌ಬಿ ಡಿಸ್ಕ್ ಮೇಲೆ ಝಡ್‌ಎಫ್‌ಎಸ್ ಬೇಡ ಅಂತ ಎಲ್ಲರೂ ಹೇಳುತ್ತಾರೆ, ನಾನು ಕೇಳಲಿಲ್ಲ. ಕೇಬಲ್ ಸ್ವಲ್ಪ ಅಲುಗಾಡಿದರೂ ಪೂಲ್ ಸಸ್ಪೆಂಡ್, ಅಂದರೆ ಡಿಸ್ಕ್ ಓದುವುದು ಬರೆಯುವುದು ಎರಡೂ ಬಂದ್. ತಪ್ಪು ಟ್ರೂನಾಸ್‌ದಲ್ಲ. ನಾಲ್ಕು ಡಿಸ್ಕ್ ಇರುವವರ ಅಂಗಿಯನ್ನು ನಾನು ಹಾಕಿಕೊಂಡಿದ್ದೆ.

ಆಮೇಲೆ ಭಾವನ ಮಾತು ಕೇಳಿ ಪ್ರಾಕ್ಸ್‌ಮಾಕ್ಸ್. ಒಂದೇ ಮೆಷಿನ್‌ನಲ್ಲಿ ಹಲವು ನಕಲಿ ಕಂಪ್ಯೂಟರ್ (ವಿಎಂ) ನಡೆಸುವ ಓಎಸ್ ಅದು. ಅದರೊಳಗೆ ವಿಎಂ, ವಿಎಂ ಒಳಗೆ ಡಾಕರ್ (ಒಂದೊಂದು ಆ್ಯಪನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟು ನಡೆಸುವ ಸಾಫ್ಟ್‌ವೇರ್), ಡಿಸ್ಕನ್ನು ನೇರ ವಿಎಂಗೆ ಕೊಡುವ ಪಾಸ್‌ಥ್ರೂ. ಒಂದು ತಿಂಗಳು ನಾನೂ ದೊಡ್ಡ ಮನುಷ್ಯನ ಹಾಗೆ ಓಡಾಡಿದೆ. ಕರೆಂಟ್ ಹೋಗಿ ಬಂದಾಗ ಹೋಸ್ಟ್ (ಪ್ರಾಕ್ಸ್‌ಮಾಕ್ಸ್) ಎದ್ದಿತು, ವಿಎಂ ಏಳಲಿಲ್ಲ. ಸ್ಟಾರ್ಟ್ ಅಟ್ ಬೂಟ್ ಟಿಕ್ ಮಾಡಿರಲಿಲ್ಲ, ಅದು ತಾನಾಗಿ ಟಿಕ್ ಆಗಿರುವುದೂ ಇಲ್ಲ. ಸರಿಪಡಿಸಿದೆ ಬಿಡಿ. ಆದರೆ ಏನೇ ಕೆಟ್ಟರೂ ಮೂರು ಕಡೆ ಹುಡುಕಬೇಕು ಅನ್ನುವುದು ಹಾಗೇ ಉಳಿಯಿತು.

ಮೂರನೆಯದು ಉಬುಂಟು ಸರ್ವರ್, ಅದೂ ಲಿನಕ್ಸೇ. ಇಲ್ಲಿ ಎರಡು ಗುಂಡಿಗೆ ಬಿದ್ದೆ. ಇನ್‌ಸ್ಟಾಲ್ ಮಾಡುವಾಗ ಕೇಳಿದ್ದಕ್ಕೆಲ್ಲ ಎಂಟರ್ ಒತ್ತಿದರೆ ಎಲ್‌ವಿಎಂನಲ್ಲಿ (ಡಿಸ್ಕನ್ನು ಪಾಲು ಮಾಡುವ ವ್ಯವಸ್ಥೆ) ರೂಟ್‌ಗೆ, ಅಂದರೆ ಓಎಸ್ ಇರುವ ಮುಖ್ಯ ಪಾಲಿಗೆ, 100 ಜಿಬಿ ಮಾತ್ರ ಕೊಡುತ್ತದೆ, ಉಳಿದದ್ದು ಸುಮ್ನೆ ಬಿದ್ದಿರುತ್ತದೆ. ಡಿಸ್ಕ್ ತುಂಬಿತು ಅಂತ ನಾನು ಫೋಟೋ ಅಳಿಸುತ್ತಾ ಕೂತಿದ್ದೆ! ಇನ್ನೊಂದು, ಅಲ್ಲೇ ತೋರಿಸಿದ ಪಟ್ಟಿಯಲ್ಲಿ ಡಾಕರ್ ಟಿಕ್ ಮಾಡಿದೆ. ಬಂದದ್ದು ಸ್ನ್ಯಾಪ್ ಡಾಕರ್, ಉಬುಂಟುವಿನದೇ ಬೇಲಿ ಹಾಕಿದ ಪ್ಯಾಕೇಜ್. ಅದಕ್ಕೆ ನನ್ನ ಡಿಸ್ಕ್‌ನ ಫೋಲ್ಡರ್ ಕಾಣುತ್ತಲೇ ಇರಲಿಲ್ಲ. ಪರ್ಮಿಷನ್ ಅಂತ ಮೂರು ರಾತ್ರಿ ಹಾಳು ಮಾಡಿದೆ.

2023ರ ಮಳೆಗಾಲದಲ್ಲಿ ಡೆಬಿಯನ್ 12 ಹಾಕಿದೆ. ಡೆಸ್ಕ್‌ಟಾಪ್ ಟಿಕ್ ತೆಗೆದು ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗಲು) ಇಟ್ಟೆ. ರೂಟ್ (ಅಡ್ಮಿನ್) ಪಾಸ್‌ವರ್ಡ್ ಖಾಲಿ ಬಿಟ್ಟೆ, ಆಗ ಸುಡೋ (ನಮ್ಮ ಖಾತೆಯಿಂದಲೇ ಅಡ್ಮಿನ್ ಕೆಲಸ ಮಾಡುವ ಕಮಾಂಡ್) ತಾನಾಗಿ ಬರುತ್ತದೆ. ಡಾಕರ್, ಮನೆಯೊಳಗೆ ಫೈಲ್ ಹಂಚಲು ಸಾಂಬಾ, ಹೊರಗಿನಿಂದ ತಲುಪಲು ಟೇಲ್‌ಸ್ಕೇಲ್, ಮುಗಿಯಿತು. ಒಂದು ಸಂಜೆಯ ಕೆಲಸ.

ಮೊದಲ ವಾರವೇ ಮಾನ ಹೋಯಿತು. ನಾನು ಶಿವಮೊಗ್ಗದಲ್ಲಿದ್ದೆ, ಅಮ್ಮ ಫೋನ್ ಮಾಡಿ "ಲೈಟ್ ಉರೀತಾ ಇದೆ, ಫೋಟೋ ಬರ್ತಾ ಇಲ್ಲ" ಅಂದರು. ಡಿಸ್ಕ್‌ನ ಅಡಾಪ್ಟರ್ ಸಡಿಲವಾಗಿತ್ತು. ಡೆಬಿಯನ್ 90 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡ್‌ಗೆ ಹೋಗಿ ಕೂತಿತ್ತು, ಅಲ್ಲಿ ನೆಟ್‌ವರ್ಕೂ ಇಲ್ಲ. ಬೂಟ್ ಆಗುವಾಗ ಯಾವ ಡಿಸ್ಕ್ ಜೋಡಿಸಬೇಕು ಅಂತ ಬರೆದಿರುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ನೋಫೇಲ್ (ಡಿಸ್ಕ್ ಸಿಗದಿದ್ದರೂ ಮುಂದೆ ಹೋಗು) ಹಾಕಿದೆ. ಹಾಕಿದ ಮೇಲೆ ಅದಕ್ಕಿಂತ ದೊಡ್ಡ ಪೇಚು: ಡಿಸ್ಕ್ ಬರದಿದ್ದರೂ ಡಾಕರ್ ಎದ್ದು, ಖಾಲಿ ಫೋಲ್ಡರ್ ನೋಡಿ, ವಿಡಿಯೋ ತೋರಿಸುವ ಜೆಲ್ಲಿಫಿನ್ ತನ್ನ ಲೈಬ್ರರಿಯಿಂದ ಅಪ್ಪನ ಯಕ್ಷಗಾನದ ವಿಡಿಯೋಗಳನ್ನೆಲ್ಲ ತೆಗೆದುಹಾಕಿತು. ಫೈಲ್ ಡಿಸ್ಕ್‌ನಲ್ಲೇ ಇದ್ದವು, ಪುಣ್ಯ. ಡಾಕರ್ ಯಾವಾಗ ಏಳಬೇಕು ಅಂತ ಹೇಳುವ ಸಿಸ್ಟಮ್‌ಡಿ ಫೈಲಿಗೆ ರಿಕ್ವೈರ್ಸ್‌ಮೌಂಟ್ಸ್‌ಫಾರ್ ಅಂತ ಒಂದು ಸಾಲು ಸೇರಿಸಿದ ಮೇಲೆ ಡಿಸ್ಕ್ ಇಲ್ಲದೆ ಡಾಕರ್ ಏಳುವುದಿಲ್ಲ. ಈ ಸಾಲು ಬರೆಯದೆ ನೋಫೇಲ್ ಹಾಕಬೇಡಿ.

ಯುಪಿಎಸ್ 2,500 ರೂಪಾಯಿಯದು, ಯುಎಸ್‌ಬಿ ಪೋರ್ಟ್ ಇಲ್ಲ. ಕರೆಂಟ್ ಹೋದದ್ದು ಸರ್ವರ್‌ಗೆ ಗೊತ್ತಾಗುವುದು ಹೇಗೆ? ಮೂಲೆಯಲ್ಲಿದ್ದ ಹಳೇ ರೌಟರನ್ನು ನೇರ ಕರೆಂಟ್‌ಗೆ ಸಿಕ್ಕಿಸಿದೆ. ಸರ್ವರ್ ಮತ್ತು ಸ್ವಿಚ್ ಯುಪಿಎಸ್ ಮೇಲೆ. ಹಳೇ ರೌಟರ್ ಪಿಂಗ್‌ಗೆ (ಇದ್ದೀಯಾ ಅಂತ ಕೇಳುವ ಸಂದೇಶ) ಉತ್ತರ ಕೊಡದಿದ್ದರೆ ಸ್ವಲ್ಪ ಹೊತ್ತು ಕಾದು ಶಟ್‌ಡೌನ್. ಬಯಾಸ್‌ನಲ್ಲಿ (ಮೆಷಿನ್‌ನ ಮೂಲ ಸೆಟ್ಟಿಂಗ್) ಪವರ್ ಬಂದರೆ ಆನ್ ಅಂತ ಇಟ್ಟಿದ್ದೇನೆ. ಯುಪಿಎಸ್ ಪೂರ್ತಿ ಖಾಲಿಯಾಗುವ ಮೊದಲೇ ಕರೆಂಟ್ ಬಂದರೆ ಮೆಷಿನ್ ಏಳುವುದಿಲ್ಲವಲ್ಲ ಅಂತ ನೀವು ಕೇಳುತ್ತೀರಿ. ಅದಕ್ಕೂ ಒಂದು ದಾರಿ ಮಾಡಿದ್ದೇನೆ, ಈಗ ಹೇಳಲ್ಲ. ಜೋರು ಸಿಡಿಲು ಬಂದರೆ ಮಾತ್ರ ಲ್ಯಾನ್ ಕೇಬಲ್ ಸಮೇತ ಕಿತ್ತಿಡಬೇಕು.

ಅಪ್ಪನ ಚಿಂತೆ ಗೃಹಜ್ಯೋತಿಯ ಮಿತಿ ದಾಟಿದರೆ ಏನು ಗತಿ ಅಂತ. ಮೀಟರ್ ಪ್ಲಗ್ ಹಾಕಿ ತೋರಿಸಿದೆ. ಸುಮ್ಮನಿದ್ದಾಗ 12 ವ್ಯಾಟ್, ಡಿಸ್ಕ್ ತಿರುಗಿದರೆ 20ರ ಹತ್ತಿರ. ತಿಂಗಳಿಗೆ 10 ಯೂನಿಟ್ ಆಸುಪಾಸು. ಇಸ್ತ್ರಿ ಪೆಟ್ಟಿಗೆ ಇದಕ್ಕಿಂತ ಜಾಸ್ತಿ ತಿನ್ನುತ್ತೆ ಅಂದೆ, ನಂಬಲಿಲ್ಲ.

ನಡುವೆ ಇಮ್ಮಿಚ್‌ಗೆ (ಮುಖ ಗುರುತಿಸಿ ಫೋಟೋ ಜೋಡಿಸುವ ಆ್ಯಪ್) ಹಳೇ ಆಲ್ಬಮ್ ಸ್ಕ್ಯಾನ್ ಮಾಡಿ ಹಾಕಿದೆ. 30 ಸಾವಿರ ಫೋಟೋ, ಮೂರು ದಿನ ಫ್ಯಾನ್ ಕೂಗಿತು, ಅದಕ್ಕಾಗಿಯೇ ಇನ್ನೊಂದು 8 ಜಿಬಿ ರ್‍ಯಾಮ್ ತಂದೆ. ಅಜ್ಜನನ್ನೂ ಅಪ್ಪನನ್ನೂ ಒಬ್ಬನೇ ಮನುಷ್ಯ ಅಂದುಕೊಂಡಿತು. ಅಜ್ಜನ ಅಡಿಕೆ ಲೆಕ್ಕದ ಪುಸ್ತಕವನ್ನು ಚಿತ್ರದಿಂದ ಅಕ್ಷರ ಓದುವ ಟೆಸರಾಕ್ಟ್‌ಗೆ ಕೊಟ್ಟು ನೋಡಿದೆ. ಆ ಕೈಬರಹ ಮನೆಯವರಿಗೇ ಓದಲು ಬರುವುದಿಲ್ಲ, ಅದಕ್ಕೆಲ್ಲಿ ಬರಬೇಕು.

2025ರಲ್ಲಿ ಡೆಬಿಯನ್ 13 ಬಂದಾಗ ಒಂದು ತಿಂಗಳು ಕಾದು ಅಪ್‌ಗ್ರೇಡ್ ಮಾಡಿದೆ, ಮುಕ್ಕಾಲು ಗಂಟೆ ಹಿಡಿಯಿತು. ಭಾವ ಮೊನ್ನೆ ಬಂದಾಗ ನನ್ನ ಕಂಪೋಸ್ ಫೈಲ್ (ಡಾಕರ್ ಯಾವ ಆ್ಯಪ್ ಹೇಗೆ ನಡೆಸಬೇಕು ಅನ್ನುವ ಪಟ್ಟಿ) ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋದರು. ಈಗ ಡಿಸ್ಕ್‌ನ ಆರೋಗ್ಯ ಹೇಳುವ ಸ್ಮಾರ್ಟ್‌ನಲ್ಲಿ ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬದಲಿಸಿದ ಜಾಗ) 8 ತೋರಿಸುತ್ತಿದೆ. ಹೊಸದಕ್ಕೆ ದೀಪಾವಳಿ ಆಫರ್ ಕಾಯುತ್ತಿದ್ದೇನೆ.