ಇಸಿಜಿ ಕೈಗೆ ಬಂತು, ಈಗ ಏನು ನೋಡುವುದು?

ಕಾರವಾರದಲ್ಲೋ ಶಿರಸಿಯಲ್ಲೋ ಇಸಿಜಿ ತೆಗೆಸಿದ ಕೂಡಲೇ ಅದರ ಫೋಟೊ ಮಣಿಪಾಲಕ್ಕೋ ಹುಬ್ಬಳ್ಳಿಗೋ ವಾಟ್ಸಾಪ್ ಆಗುತ್ತದೆ. ನಮ್ಮ ಜಿಲ್ಲೆಯಲ್ಲಿ ಇದು ಮಾಮೂಲಿ, ಅಲ್ವಾ? ಉತ್ತರ ಬರುವ ತನಕ ಆ ಚೌಕುಳಿ ಕಾಗದವನ್ನು ನೀವೂ ಸ್ವಲ್ಪ ಓದಬಹುದು. ಕಾಯಿಲೆ ಹೇಳಲಿಕ್ಕೆ ಡಾಕ್ಟರೇ ಬೇಕು. ಹೃದಯ ಬಡಿತದ ತಾಳ ತಪ್ಪಿದೆಯೋ ಇಲ್ಲವೋ ಎಂಬುದು ಮಾತ್ರ ಎಷ್ಟೋ ಸಲ ಕಣ್ಣಿಗೇ ಕಾಣುತ್ತದೆ.

ಕೆಳಗಿನ ಉದ್ದ ಸಾಲಿನಿಂದ ಶುರು ಮಾಡಿ. ಹೆಚ್ಚಾಗಿ ಅದು ಲೀಡ್ 2 (ಇಸಿಜಿ ಹೃದಯವನ್ನು ನೋಡುವ ಹಲವು ಕೋನಗಳಲ್ಲಿ ಒಂದು). ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡಿದ್ದರೆ (ಅಂಚಿನಲ್ಲಿ ಬರೆದಿರುತ್ತದೆ) ಸಣ್ಣ ಚೌಕ 0.04 ಸೆಕೆಂಡ್, ದೊಡ್ಡದು 0.2. ಎರಡು ಚೂಪು ತುದಿಗಳ ನಡುವಿನ ದೊಡ್ಡ ಚೌಕ ಎಣಿಸಿ, 300ನ್ನು ಅದರಿಂದ ಭಾಗಿಸಿ. ನಾಲ್ಕು ಚೌಕ ಇದ್ದರೆ ನಿಮಿಷಕ್ಕೆ 75 ಬಡಿತ. ದೊಡ್ಡವರಿಗೆ 60ರಿಂದ 100 ಸರಿ.

ಆಮೇಲೆ ಒಂದು ಚೀಟಿ ತಗೊಳ್ಳಿ, ಔಷಧಿ ಅಂಗಡಿಯ ಬಿಲ್ಲಾದರೂ ಸಾಕು. ಅದರ ಅಂಚನ್ನು ಸಾಲಿಗೆ ತಾಗಿಸಿ ಮೂರು ತುದಿಗಳಿಗೆ ಪೆನ್ನಿನಲ್ಲಿ ಗುರುತು ಹಾಕಿ, ಚೀಟಿಯನ್ನು ಮುಂದಕ್ಕೆ ಸರಿಸಿ. ಮುಂದಿನ ತುದಿಗಳು ಗುರುತಿಗೆ ಸರಿಯಾಗಿ ಕೂತರೆ ಬಡಿತ ಒಂದೇ ಸಮ ಇದೆ. ನಡುವೆ ಒಂದು ಬಡಿತ ಬೇಗ ಬಂದು, ಅಗಲವಾಗಿದ್ದು, ನಂತರ ಉದ್ದ ಬಿಡುವು ಇದ್ದರೆ ಅದು ಎಕ್ಟೋಪಿಕ್. ಅಪರೂಪಕ್ಕೆ ಒಂದೆರಡಕ್ಕೆ ಸಾಮಾನ್ಯವಾಗಿ ಗಾಬರಿ ಬೇಡ. ಗುರುತು ಎಲ್ಲೂ ಕೂರದೆ, ತುದಿಯ ಹಿಂದಿನ ಪುಟ್ಟ ಪಿ ಉಬ್ಬೂ ಕಾಣದೆ, ನಡುವಿನ ಗೆರೆ ಸುಮ್ನೆ ನಡುಗುತ್ತಿದ್ದರೆ ಏಟ್ರಿಯಲ್ ಫಿಬ್ರಿಲೇಷನ್ ಇರಬಹುದು, ಅಂದರೆ ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ಅದುರುವುದು. ಇದನ್ನು ಹಗುರವಾಗಿ ತಗೊಳ್ಳಬೇಡಿ. ಅದುರುವ ಮೇಲಿನ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. ಇಲ್ಲಿ 300ರ ಲೆಕ್ಕ ನಡೆಯದು. ಸಾಲು 10 ಸೆಕೆಂಡಿನದಾದರೆ ಅಷ್ಟೂ ಬಡಿತ ಎಣಿಸಿ 6ರಿಂದ ಗುಣಿಸಿ.

ಚಿಕ್ಕ ವಯಸ್ಸಿನವರಲ್ಲಿ ಉಸಿರಾಟದ ಜೊತೆ ಅಂತರ ಹೆಚ್ಚುಕಮ್ಮಿ ಆಗುವುದು ಸಹಜ. ಪಿ ಮಾತ್ರ ತಪ್ಪದೆ ಇರುತ್ತದೆ.

ಪಿ ಒಂದು ಲೆಕ್ಕದಲ್ಲಿ, ಚೂಪು ತುದಿ ಇನ್ನೊಂದು ಲೆಕ್ಕದಲ್ಲಿ ಬರುತ್ತಾ ಬಡಿತವೂ 40ರ ಆಸುಪಾಸು ಇದ್ದರೆ ಹಾರ್ಟ್ ಬ್ಲಾಕ್, ಅಂದರೆ ಮೇಲಿನ ಕೋಣೆಯ ವಿದ್ಯುತ್ ಸಂದೇಶ ಕೆಳಗಿನ ಕೋಣೆಗೆ ತಲುಪುತ್ತಿಲ್ಲ (ರಕ್ತನಾಳ ಕಟ್ಟುವ ಬ್ಲಾಕ್ ಬೇರೆ). ಬಡಿತ ತಪ್ಪದಂತೆ ನೋಡಿಕೊಳ್ಳುವ ಪುಟ್ಟ ಯಂತ್ರ ಪೇಸ್‌ಮೇಕರ್‌ನ ಮಾತು ಬರುವುದು ಇಲ್ಲಿಯೇ. ಬಡಿತಗಳೆಲ್ಲ ಮೂರು ಸಣ್ಣ ಚೌಕಕ್ಕಿಂತ ಅಗಲ, ವೇಗವೂ ಜಾಸ್ತಿ ಎಂದಾದರೆ ಎಣಿಸುತ್ತಾ ಕೂರಬೇಡಿ. ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ (ಕೆಳಗಿನ ಕೋಣೆಯಿಂದಲೇ ಹುಟ್ಟುವ ಅಪಾಯದ ವೇಗದ ಬಡಿತ) ಎಂದೇ ತಿಳಿದು ಕೂಡಲೇ ಡಾಕ್ಟರನ್ನು ಕರೆಯಿರಿ.

ಆಷಾಢದ ಮಳೆಯಲ್ಲಿ ನೆಂದು ಬಂದವರು ಚಳಿಗೆ ನಡುಗಿದರೂ ಗೆರೆ ಗೀಚಿದಂತೆ ಬರುತ್ತದೆ. ಹಾಗಾಗಿ ಕಾಗದದ ಜೊತೆ ಮನುಷ್ಯನನ್ನೂ ನೋಡಿ. ಕೆಳಗಿನ ಕೋಣೆ ಬರೀ ಅದುರಿ ರಕ್ತ ಹರಿಯದ ವೆಂಟ್ರಿಕ್ಯುಲರ್ ಫಿಬ್ರಿಲೇಷನ್‌ನಲ್ಲೂ ಗೆರೆ ಹೀಗೇ ಗೀಚಿದಂತೆ ಇರುತ್ತದೆ, ಆದರೆ ಮಾತಾಡುತ್ತಿದ್ದರೆ ಅದು ಅಲ್ಲ. ಪ್ರಜ್ಞೆ ಇಲ್ಲ, ಉಸಿರಾಟ ಸರಿಯಿಲ್ಲ ಎಂದರೆ ತಕ್ಷಣ ಎದೆ ಒತ್ತಲು ಶುರು ಮಾಡಿ, ಇನ್ನೊಬ್ಬರಿಂದ 108ಕ್ಕೆ ಫೋನ್ ಮಾಡಿಸಿ.

ಫೋಟೊ ಕಳಿಸುವಾಗ ಕಾಗದದ ನಾಲ್ಕೂ ಮೂಲೆ ಬರಲಿ. ತೆಗೆದ ಸಮಯ, ಬಿಪಿ, ನುಂಗುತ್ತಿರುವ ಮಾತ್ರೆ ಬರೆಯಿರಿ. ಹಳೆಯ ಇಸಿಜಿ ಇದ್ದರೆ ಅದನ್ನೂ ಸೇರಿಸಿ. ಎದೆನೋವು ಇದ್ದರೆ, ತಲೆಸುತ್ತಿ ಬಿದ್ದಿದ್ದರೆ ಉತ್ತರಕ್ಕೆ ಕಾಯಬೇಡಿ. ದೇವಿಮನೆ ಘಟ್ಟ ಇಳಿದು ಮಣಿಪಾಲಕ್ಕೇ ಹೋಗುತ್ತೇವೆ ಎಂದು ಕಾರು ಹತ್ತಬೇಡಿ, ಮೊದಲು ಹತ್ತಿರದ ಆಸ್ಪತ್ರೆಗೆ ಹೋಗಿ.