ಓಡಿಸುವವರಿಗೂ ಹಿಂದೆ ಕೂರುವವರಿಗೂ ಒಪ್ಪುವ ಕಾರು ಆರಿಸುವುದು ಹೇಗೆ?

ಹೊಸ ಕಾರು ಕೊಳ್ಳಲು ಹೊರಟವರು ಆರು ಲೇನಿನ ಹೆದ್ದಾರಿಯಲ್ಲಿ ಐದು ನಿಮಿಷ ಓಡಿಸಿ, ‘ಒಳ್ಳೆ ಪಿಕಪ್ ಇದೆ’ ಎಂದು ಅಡ್ವಾನ್ಸ್ ಕೊಟ್ಟು ಬರುವುದನ್ನು ನೋಡಿ ನೋಡಿ ಇದನ್ನು ಬರೆಯಬೇಕೆನಿಸಿತು. ತಲಪಾಡಿ ಗಡಿಯಿಂದ ಈಚೆ, ನಮ್ಮ ಕಾಸರಗೋಡಿನ ಕಡೆಗೆ ಬರುವ ಆ ಹೊಸ ರಸ್ತೆಯಲ್ಲಿ ಯಾವ ಕಾರಾದರೂ ಚೆನ್ನಾಗಿಯೇ ಓಡುತ್ತದೆ. ಕಾರಿನ ಗುಣ ತಿಳಿಯುವುದು ಹೆದ್ದಾರಿ ಬಿಟ್ಟು ಒಳಗೆ ತಿರುಗಿದ ಮೇಲೆ. ಬದಿಯಡ್ಕ, ಪೆರ್ಲದ ಕಡೆಯ ತಿರುವುಗಳು, ಮಳೆಗಾಲ ಬಿಟ್ಟುಹೋದ ಹೊಂಡಗಳು, ಕೊನೆಗೆ ತೋಟದ ಮನೆಗೆ ಇಳಿಯುವ ಮುರಕಲ್ಲಿನ ದಾರಿ. ಓಡಿಸುವ ಮಗನಿಗೆ ಖುಷಿಯೋ ಖುಷಿ. ಹಿಂದೆ ಕೂತ ಅಮ್ಮನಿಗೆ ಮುಳ್ಳೇರಿಯ ತಲುಪುವಷ್ಟರಲ್ಲಿ ಸೊಂಟ ನೋವು.

ಮೊದಲ ಕೆಲಸ, ನಿಮ್ಮ ದಾರಿ ಯಾವುದೆಂದು ಬರೆದುಕೊಳ್ಳುವುದು. ದಿನಾ ಮಂಗಳೂರಿಗೆ ಹೋಗಿ ಬರುವವರ ಕಾರು ಬೇರೆ, ಜಾಲ್ಸೂರು ದಾಟಿ ಸಂಪಾಜೆ ಘಾಟಿ ಹತ್ತುವವರ ಕಾರು ಬೇರೆ. ಹೆಚ್ಚಿನ ದಿನ ಎಷ್ಟು ಜನ ಕೂರುತ್ತಾರೆ ಎಂಬುದನ್ನೂ ಬರೆಯಿರಿ. ವರ್ಷಕ್ಕೊಮ್ಮೆ ಹೋಗುವ ಪ್ರವಾಸವನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

ಎರಡನೆಯದು ಬಜೆಟ್. ಅದು ಎಷ್ಟೇ ಇರಲಿ, ಇಎಸ್‌ಸಿ (ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್) ಇಲ್ಲದ ಕಾರನ್ನು ಪಟ್ಟಿಯಿಂದಲೇ ತೆಗೆದುಹಾಕಿ. ಮಳೆಯಲ್ಲಿ ತಿರುವಿನ ನಡುವೆ ಕಾರು ಜಾರತೊಡಗಿದರೆ ಬೇಕಾದ ಚಕ್ರಕ್ಕಷ್ಟೇ ಬ್ರೇಕ್ ಹಾಕಿ ದಾರಿಗೆ ತರುವುದು ಅದೇ. ಸನ್‌ರೂಫ್ ಬಿಡಿ, ಇದನ್ನು ಬಿಡಬೇಡಿ.

ಮೂರನೆಯದು ಟಯರು. ಇಲ್ಲಿ ಎಡವುವವರೇ ಜಾಸ್ತಿ. ಟಯರಿನ ಬದಿಯಲ್ಲಿ 185/65 ಆರ್15 ಎಂಬಂತೆ ಬರೆದಿರುತ್ತದೆ. 185 ಎಂದರೆ ಮಿಲಿಮೀಟರಿನಲ್ಲಿ ಅಗಲ. 65 ಎಂದರೆ ಆ ಅಗಲದ ಶೇಕಡಾ 65ರಷ್ಟು ಬದಿಗೋಡೆಯ ಎತ್ತರ, ಅಂದರೆ ಸುಮಾರು 120 ಮಿಲಿಮೀಟರು. 15 ಎಂದರೆ ಇಂಚಿನಲ್ಲಿ ರಿಮ್ಮಿನ ಅಳತೆ. ಸ್ವಿಫ್ಟನ್ನೇ ನೋಡಿ. ಕೆಳಗಿನ ವೇರಿಯಂಟಿನಲ್ಲಿ 165/80 ಆರ್14, ಮೇಲಿನದರಲ್ಲಿ 185/65 ಆರ್15. ಹೊರಗಿನ ಸುತ್ತಳತೆ ಹೆಚ್ಚುಕಡಿಮೆ ಒಂದೇ. ಆದರೆ ಮೊದಲನೆಯದರ ಬದಿಗೋಡೆ 132 ಮಿಲಿಮೀಟರು. ಹೊಂಡದ ಪೆಟ್ಟನ್ನು ಅದು ಹೆಚ್ಚು ನುಂಗುತ್ತದೆ. ಎರಡನೆಯದು ಅಗಲ ಹೆಚ್ಚಿದ್ದು, ಗೋಡೆ ಗಿಡ್ಡವಾದ್ದರಿಂದ ತಿರುವಿನಲ್ಲಿ ಕಡಿಮೆ ಬಳುಕುತ್ತದೆ. ನಮ್ಮ ರಸ್ತೆಗಳಿಗೆ ಬದಿಗೋಡೆ 110 ಮಿಲಿಮೀಟರಿಗಿಂತ ಕೆಳಗೆ ಇಳಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಚಂದಕ್ಕೆಂದು ದೊಡ್ಡ ಅಲಾಯ್ ಚಕ್ರ ಹಾಕಿಸಿ, ಟಾರು ಮುಗಿಯುವ ಅಂಚಿನ ಏಟಿಗೆ ರಿಮ್ಮು ಬಾಗಿಸಿಕೊಂಡು ಬರುವವರು ಪ್ರತಿ ಮಳೆಗಾಲದಲ್ಲೂ ಸಿಗುತ್ತಾರೆ.

ಇನ್ನು ಟೆಸ್ಟ್ ಡ್ರೈವ್. ಇದಕ್ಕೆ ಅರ್ಧ ದಿನ ಮೀಸಲಿಡಿ. ಸೇಲ್ಸ್‌ನವರು ಹೇಳಿದ ರಸ್ತೆಯಲ್ಲೇ ಓಡಿಸಬೇಕೆಂದಿಲ್ಲ. ‘ಕಾರನ್ನು ನಮ್ಮ ಮನೆಗೇ ತನ್ನಿ’ ಎಂದು ಕೇಳಿ, ಹೆಚ್ಚಿನವರು ಒಪ್ಪುತ್ತಾರೆ. ಹೊರಡುವ ಮೊದಲು ಗಾಳಿ ನೋಡಿಸಿ. ಡ್ರೈವರ್ ಬಾಗಿಲಿನ ಕಂಬದ ಸ್ಟಿಕ್ಕರಿನಲ್ಲಿ ಇರಬೇಕಾದ ಲೆಕ್ಕವಿರುತ್ತದೆ. ಗಾಳಿ ಜಾಸ್ತಿಯಿದ್ದರೆ ಒಳ್ಳೆಯ ಕಾರೂ ಕುಲುಕುತ್ತದೆ, ನೀವು ಸುಮ್ಮನೆ ಅದನ್ನು ಬೇಡವೆಂದುಬಿಡುತ್ತೀರಿ.

ಮೊದಲ ಸುತ್ತು ನೀವು ಓಡಿಸಬೇಡಿ, ಹಿಂದೆ ಕೂರಿ. ಮನೆಯ ಹಿರಿಯರನ್ನೂ ಕೂರಿಸಿಕೊಳ್ಳಿ. ಸಣ್ಣ ಕಾರುಗಳಲ್ಲಿ ಹಿಂದಿನ ಎರಡು ಚಕ್ರಗಳನ್ನು ಸಾಮಾನ್ಯವಾಗಿ ಒಂದೇ ತೊಲೆ ಜೋಡಿಸಿರುತ್ತದೆ, ಸೀಟೂ ಅದರ ಹತ್ತಿರವೇ ಇರುತ್ತದೆ. ಆದ್ದರಿಂದ ಮುಂದೆ ಕೂತವರಿಗೆ ತಿಳಿಯದ ಪೆಟ್ಟು ಹಿಂದೆ ತಿಳಿಯುತ್ತದೆ.

ಹಂಪನ್ನು 20ರ ವೇಗದಲ್ಲಿ ದಾಟಿಸಲು ಹೇಳಿ. ಇಳಿದ ಮೇಲೆ ಕಾರು ಒಮ್ಮೆ ಏಳಬೇಕು, ಕೂರಬೇಕು, ಅಲ್ಲಿಗೆ ಮುಗಿಯಬೇಕು. ಮತ್ತೆ ಎರಡು ಮೂರು ಸಲ ಮೇಲೆ ಕೆಳಗೆ ತೂಗಿದರೆ ಶಾಕ್ ಅಬ್ಸಾರ್ಬರು ಸ್ಪ್ರಿಂಗನ್ನು ಹಿಡಿದು ನಿಲ್ಲಿಸುತ್ತಿಲ್ಲ ಎಂದರ್ಥ. ಶೋರೂಮಿನ ಎದುರು ಇದೇ ‘ಬಹಳ ಸಾಫ್ಟ್’ ಎನಿಸುವುದು; ತಿರುವುಗಳ ದಾರಿಯಲ್ಲಿ ಮಕ್ಕಳಿಗೆ ವಾಂತಿ ಬರಿಸುವುದೂ ಇದೇ. ಧಡ್ ಎಂದು ಬಿದ್ದು ಬೆನ್ನುಮೂಳೆಗೆ ತಾಗಿದರೆ ಅದು ಅತಿ ಗಟ್ಟಿ. ಸ್ಪ್ರಿಂಗು ಹೊರುವುದು ಭಾರವನ್ನು, ಕುಣಿತವನ್ನು ಅಡಗಿಸುವುದು ಶಾಕು. ಶಾಕ್ ಒಳ್ಳೆಯದಿದ್ದರೆ ಹಿಡಿತವೂ ಆರಾಮವೂ ಒಂದೇ ಕಾರಿನಲ್ಲಿ ಸಿಗುತ್ತವೆ.

ಮುಂದೆ, ಒಂದು ಬದಿಯ ಚಕ್ರ ಮಾತ್ರ ಹೊಂಡಕ್ಕೆ ಇಳಿಯಲಿ. ತಲೆ ಅತ್ತಿತ್ತ ಎಸೆದಂತಾಗುತ್ತದೆಯೇ ನೋಡಿ. ಎತ್ತರದ ಕಾರು ತಿರುವಿನಲ್ಲಿ ವಾಲದಿರಲೆಂದು ಎಡಬಲ ಚಕ್ರಗಳ ನಡುವೆ ಗಟ್ಟಿ ಸರಳು ಕೊಟ್ಟಿದ್ದರೆ, ಒಂದು ಚಕ್ರದ ಪೆಟ್ಟು ಇನ್ನೊಂದಕ್ಕೂ ಹೋಗಿ ಹೀಗಾಗುತ್ತದೆ. ಗ್ರೌಂಡ್ ಕ್ಲಿಯರೆನ್ಸ್ ಎಷ್ಟು ಹೆಚ್ಚಿದ್ದರೂ ಒಳ್ಳೆಯದೇ ಎನ್ನುವವರು ಇದನ್ನು ಗಮನಿಸಬೇಕು. ಮನೆ ದಾರಿಯಲ್ಲಿ ತಳ ತಾಗದಷ್ಟಿದ್ದರೆ ಸಾಕು.

ಈಗ ಸ್ಟೇರಿಂಗ್ ನಿಮ್ಮ ಕೈಗೆ. ಮನೆಮಂದಿ ಎಲ್ಲರೂ ಕಾರಿನಲ್ಲಿರಲಿ. ಒಬ್ಬರೇ ಓಡಿಸಿದರೆ ಅರ್ಧ ಸತ್ಯವಷ್ಟೇ ತಿಳಿಯುತ್ತದೆ. ನೀವು ಚೆನ್ನಾಗಿ ಬಲ್ಲ ತಿರುವಿಗೆ 40ರಲ್ಲಿ ಹೋಗಿ. ಸ್ಟೇರಿಂಗನ್ನು ಒಮ್ಮೆ ತಿರುಗಿಸಿ ಹಾಗೇ ಹಿಡಿದರೆ ಕಾರು ಅದೇ ಗೆರೆಯಲ್ಲಿ ಹೋಗಬೇಕು. ನಡುವೆ ಮತ್ತೆ ಮತ್ತೆ ಸರಿಪಡಿಸಬೇಕಾದರೆ ಆ ಕಾರು ದೂರದ ದಾರಿಯಲ್ಲಿ ನಿಮ್ಮನ್ನು ದಣಿಸುತ್ತದೆ. ತಿರುವು ಮುಗಿದಾಗ ಸ್ಟೇರಿಂಗ್ ತಾನಾಗಿ ನೇರಕ್ಕೆ ಮರಳಬೇಕು. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಮೂತಿ ತೀರಾ ಕುಸಿಯಬಾರದು. ಕೊನೆಗೆ ಹೆದ್ದಾರಿಯಲ್ಲಿ 80ರಲ್ಲಿ ಸ್ವಲ್ಪ ದೂರ, ಅಷ್ಟು ಸಾಕು.

‘ಸ್ಪೋರ್ಟ್ ಮೋಡ್’ ಬಟನ್ ನೋಡಿ ಮರುಳಾಗಬೇಡಿ. ಸಾಮಾನ್ಯ ಬೆಲೆಯ ಕಾರುಗಳಲ್ಲಿ ಅದು ಆಕ್ಸಿಲರೇಟರ್, ಗೇರು, ಸ್ಟೇರಿಂಗಿನ ಬಿಗಿ ಇಷ್ಟನ್ನೇ ಬದಲಿಸುತ್ತದೆ. ಸಸ್ಪೆನ್ಶನ್, ಅಂದರೆ ಸ್ಪ್ರಿಂಗು ಶಾಕುಗಳು, ಇದ್ದ ಹಾಗೇ ಇರುತ್ತವೆ. ಸೀಟು ಮಾತ್ರ ಸರಿಯಾಗಿ ನೋಡಿ. ತೊಡೆಗೆ ಆಸರೆ ಇಲ್ಲದ ಸೀಟಿಗೆ ಯಾವ ಕುಶನ್ನೂ ಮದ್ದಲ್ಲ.

‘ಈಗ ತೆಗೆದುಕೊಳ್ಳಿ, ಮತ್ತೆ ಸರಿಮಾಡಿಸಿದರಾಯಿತು’ ಎನ್ನುವವರ ಮಾತು ಕೇಳಬೇಡಿ. ಬಿಡಿಭಾಗದ ಅಂಗಡಿಗಳಲ್ಲಿ ಸ್ಪ್ರಿಂಗಿನ ಸುರುಳಿಗಳ ನಡುವೆ ತುರುಕುವ ರಬ್ಬರ್ ಬಫರು ಸಿಗುತ್ತದೆ. ಕಾರು ಸ್ವಲ್ಪ ಎತ್ತರವಾಗುವುದು ನಿಜ. ಆದರೆ ಸ್ಪ್ರಿಂಗು ಪೂರ್ತಿ ಅಮುಕದಂತಾಗಿ ಪೆಟ್ಟು ನೇರ ಬಾಡಿಗೆ ಬರುತ್ತದೆ. ಸ್ಪ್ರಿಂಗ್ ಕತ್ತರಿಸಿ ತಗ್ಗಿಸುವುದಂತೂ ಅಪಾಯ; ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ತೊಂದರೆಯೂ ಬರಬಹುದು.

ಡೆಲಿವರಿಯ ದಿನ ಟಯರಿನ ಬದಿಯ ನಾಲ್ಕಂಕಿ ಓದಿ: ಮೊದಲೆರಡು ತಯಾರಾದ ವಾರ, ಮತ್ತೆರಡು ವರ್ಷ. ತೀರಾ ಹಳೆಯದಿದ್ದರೆ ಬದಲಿಸಿಕೊಡಲು ಹೇಳಿ. ಮಂಗಳೂರಿನಲ್ಲಿ ಕೊಂಡರೂ ಕಾರು ಇರುವುದು ಇಲ್ಲೇ ಆದರೆ ಕಾಸರಗೋಡಿನ ಕೆಎಲ್ 14ರಲ್ಲೇ ನೋಂದಣಿ ಮಾಡಿಸಿ, ತೆರಿಗೆ ಕೇರಳಕ್ಕೆ ಕಟ್ಟಿ. ಆಮೇಲೆ ತಿಂಗಳಿಗೊಮ್ಮೆ, ಬೆಳಗ್ಗೆ ಟಯರು ತಣ್ಣಗಿರುವಾಗ ಗಾಳಿ ನೋಡಿಸಿ. ಬಾಗಿಲಿನ ಕಂಬದ ಆ ಸ್ಟಿಕ್ಕರಿನಲ್ಲಿ ಪೂರ್ತಿ ಭಾರಕ್ಕೆ ಬೇರೆ ಲೆಕ್ಕ ಕೊಟ್ಟಿದ್ದರೆ, ಮನೆಮಂದಿಯೆಲ್ಲ ಹೊರಡುವ ದಿನ ಅದರಂತೆಯೇ ತುಂಬಿಸಿ.